ಬೆಟ್ಟ, ಕಣಿವೆ, ಕೆರೆ, ಅಳಿವೆ ಗುರುತಿಸಲು ಸರ್ವೇ ಆಫ್ ಇಂಡಿಯಾ ಟೋಪೋಶೀಟ್

ದ್ವೀಪ, ಭೂಶಿರ, ಕೊಲ್ಲಿ, ಪ್ರಸ್ಥಭೂಮಿ ಎಲ್ಲವನ್ನೂ ಒಂದೇ ಹಾಳೆಯಲ್ಲಿ ತುರುಕಿದ ಬಣ್ಣದ ಚಾರ್ಟುಗಳು ಅಂಗಡಿಗಳಲ್ಲಿ ಬೇಕಾದಷ್ಟು ಸಿಗುತ್ತವೆ. ಅವುಗಳಿಂದ ಹೆಸರು ಬಾಯಿಪಾಠವಾಗುತ್ತದೆ, ನೆಲದ ಗುರುತು ಹತ್ತುವುದಿಲ್ಲ. ಆ ಕೆಲಸಕ್ಕೆ ದೇಶದ ನಕ್ಷೆ ತಯಾರಿಸುವ ಸರ್ಕಾರಿ ಇಲಾಖೆ ಸರ್ವೇ ಆಫ್ ಇಂಡಿಯಾದ 1:50,000 ಟೋಪೋಶೀಟಿಗೆ, ಅಂದರೆ ನೆಲದ ಏರಿಳಿತ ತೋರಿಸುವ ನಕ್ಷೆಯ ಹಾಳೆಗೆ, ಸಾಟಿಯಿಲ್ಲ. ಸಾರ್ವಜನಿಕರ ಬಳಕೆಗೆಂದಿರುವ ಓಪನ್ ಸೀರೀಸ್ ಹಾಳೆಗಳ ಪಿಡಿಎಫ್ 2017ರಿಂದ ಇಲಾಖೆಯ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತಿದೆ. ಹಾಳೆಯ ಮೇಲಿನ 2 ಸೆಂ.ಮೀ. ನೆಲದ ಮೇಲೆ 1 ಕಿ.ಮೀ.

ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಕಂದು ಬಣ್ಣದ ಸಮೋನ್ನತಿ ರೇಖೆಗಳೇ ಇದರ ಜೀವ. ಒಂದರಿಂದ ಇನ್ನೊಂದಕ್ಕೆ 20 ಮೀ. ಎತ್ತರ, ಪ್ರತಿ ಐದನೆಯದು ದಪ್ಪ. ಕಣಿವೆಯಲ್ಲೂ ಬೆಟ್ಟದಿಂದ ಹೊರಚಾಚಿದ ಏಣಿನಲ್ಲೂ (ಚಾಚು) ರೇಖೆ ‘ವಿ’ಯಂತೆ ಬಾಗುವುದರಿಂದ ಹೊಸಬರು ಇಲ್ಲೇ ಎಡವುತ್ತಾರೆ. ಆಕಾರ ನೋಡಿ ತೀರ್ಮಾನಿಸಬೇಡಿ, ರೇಖೆಯ ಮೇಲಿನ ಅಂಕಿ ಓದಿ. ಮೊನೆ ಹೆಚ್ಚಿನ ಅಂಕಿಯ ಕಡೆಗಿದ್ದರೆ ಕಣಿವೆ, ಕಡಿಮೆ ಅಂಕಿಯ ಕಡೆಗಿದ್ದರೆ ಚಾಚು. ಕಣಿವೆಯಾದರೆ ನಡುವೆ ಸಾಮಾನ್ಯವಾಗಿ ಹಳ್ಳದ ಗೆರೆಯೂ ಹಾದಿರುತ್ತದೆ. ರೇಖೆಗಳು ಅಂಚಿನಲ್ಲಿ ಒತ್ತಾಗಿ, ನೆತ್ತಿಯಲ್ಲಿ ವಿರಳವಾದರೆ ಪ್ರಸ್ಥಭೂಮಿ. ಜೋಗದಂತೆ 253 ಮೀ. ನೇರ ಧುಮುಕುವ ಕಡೆ ಹನ್ನೆರಡಕ್ಕೆ ಕಡಿಮೆಯಿಲ್ಲದ ರೇಖೆಗಳು ಒಂದೇ ಜಾಗದಲ್ಲಿ ಸೇರಬೇಕಾಗುತ್ತದೆ. ಕಡಿದಾದ ಬಂಡೆ ಕಣ್ಣಿಗೆ ಬೀಳುವುದೇ ಹಾಗೆ.

ನೀರಿನ ವಿಷಯದಲ್ಲಿ ನಕ್ಷೆ ಇನ್ನೂ ಸೊಗಸು. ಬಯಲುಸೀಮೆಯ ಕೆರೆಗೆ ಒಂದು ಬದಿಯಲ್ಲಿ ಏರಿಯ ಗೆರೆ ಇರುತ್ತದೆ, ಉಳಿದ ಅಂಚು ನೆಲದ ತಗ್ಗನ್ನು ಹಿಡಿದು ಸಾಗುತ್ತದೆ. ಏರಿಯ ಪಕ್ಕದಲ್ಲಿ ಅಂಕಿಯ ಜೊತೆ ಇಂಗ್ಲಿಷಿನ ‘ಆರ್’ ಅಕ್ಷರವಿದ್ದರೆ ಅದು ಸುತ್ತಲ ನೆಲದಿಂದ ಏರಿಯ ಎತ್ತರ, ಸಮುದ್ರಮಟ್ಟದಿಂದ ಅಲ್ಲ. ಲಿಂಗನಮಕ್ಕಿಯಂಥ ಜಲಾಶಯದ ನೀರು ಪ್ರತಿ ಕಣಿವೆಯೊಳಕ್ಕೂ ಬೆರಳು ಚಾಚಿರುತ್ತದೆ; ಒಳಗಿನ ನಡುಗಡ್ಡೆಗಳು ಮುಳುಗಿದ ಗುಡ್ಡಗಳ ನೆತ್ತಿ. ನದಿ ಸಮುದ್ರ ಸೇರುವ ಅಳಿವೆ ತಿಳಿಯಬೇಕಾದರೆ ಉಡುಪಿಯ ಕೋಡಿ ಬೆಂಗ್ರೆಯ ಹಾಳೆ ತೆರೆಯಿರಿ. ಒಂದು ಕಡೆ ಅರಬ್ಬೀ ಸಮುದ್ರ, ಇನ್ನೊಂದು ಕಡೆ ಸುವರ್ಣಾ ನದಿ, ನಡುವೆ ಕಿರಿದಾದ ಮರಳಿನ ಪಟ್ಟಿ. ಮೂರು ಕಡೆ ನೀರಿದ್ದರೂ ಒಂದು ತುದಿ ನೆಲಕ್ಕೆ ಅಂಟಿರುವುದರಿಂದ ಅದು ದ್ವೀಪವಲ್ಲ.

ಕೊರತೆಗಳೂ ಇವೆ. ರಾಯಚೂರಿನ ಕಡೆಯ ಮೈದಾನದಲ್ಲಿ 15 ಮೀ. ದಿಬ್ಬ ಎರಡು ರೇಖೆಗಳ ನಡುವೆ ಬಿದ್ದರೆ ಸಮೋನ್ನತಿಯಲ್ಲಿ ಕಾಣುವುದೇ ಇಲ್ಲ. ನೀಲಿ ಎಂದರೆ ವರ್ಷವಿಡೀ ನೀರು, ಕಪ್ಪು ಗೆರೆ ಎಂದರೆ ಬೇಸಿಗೆಯಲ್ಲಿ ಬತ್ತುವ ಹಳ್ಳ. ಆದರೆ ಇದು ಸರ್ವೇ ನಡೆದ ಕಾಲದ ಸ್ಥಿತಿ. ಅಂಚಿನಲ್ಲಿ ಮುದ್ರಿತವಾದ ಸರ್ವೇ ವರ್ಷವನ್ನು ಮೊದಲು ನೋಡಿ.

ಪ್ರಿಂಟ್ ತೆಗೆಸುವಾಗ ‘ಫಿಟ್ ಟು ಪೇಜ್’ ಬೇಡವೆಂದು ಅಂಗಡಿಯವರಿಗೆ ಹೇಳಿ. ಎ4ಗೆ ಕುಗ್ಗಿಸಿದರೆ 1:50,000 ಎಂಬ ಬರಹ ಸುಳ್ಳಾಗುತ್ತದೆ, ರೇಖೆಯ ಅಂಕಿಗಳೂ ಓದಲು ಬರುವುದಿಲ್ಲ. ದೊಡ್ಡ ಪ್ರಿಂಟರ್ ಸಿಗದಿದ್ದರೆ ನಿಮಗೆ ಬೇಕಾದ ಭಾಗವನ್ನಷ್ಟೇ ಶೇ. 100 ಅಳತೆಯಲ್ಲಿ ತೆಗೆಸಿ, ಅಳತೆಪಟ್ಟಿಯನ್ನೂ ಪಕ್ಕದಲ್ಲಿ ಅಂಟಿಸಿಕೊಳ್ಳಿ.