ಕೂಲಿಂಗ್ ಟವೆಲ್: ಅರವತ್ತು ದಾಟಿದವರ ವಾಕಿಂಗ್‌ಗೆ ಎಷ್ಟು ಪ್ರಯೋಜನ?

ನೆನೆಸಿ ಕುತ್ತಿಗೆಗೆ ಸುತ್ತಿಕೊಳ್ಳುವ ಈ ಟವೆಲ್ ಅಂಗಡಿಯಲ್ಲಿ ಎರಡು ಬಗೆ ಸಿಗುತ್ತದೆ. ಡಬ್ಬಿಯಲ್ಲಿ ಬರುವ ದಪ್ಪನೆಯ ಪಿವಿಎ (ಸ್ಪಂಜಿನಂಥ ಪ್ಲಾಸ್ಟಿಕ್) ಟವೆಲ್ ನೀರನ್ನು ಚೆನ್ನಾಗಿ ಹಿಡಿಯುತ್ತದೆ. ಆದರೆ ಒಣಗಿದರೆ ಹಪ್ಪಳದಂತೆ ಸೆಟೆಯುತ್ತದೆ, ಒದ್ದೆಯಾಗಿ ಡಬ್ಬಿಯಲ್ಲೇ ಬಿಟ್ಟರೆ ಬೂಷ್ಟು. ಪಾಲಿಯೆಸ್ಟರ್ ಜಾಲರಿಯದು ಒಗೆಯಲು ಸಲೀಸು, ಕೊಳ್ಳುವುದಾದರೆ ಅದೇ ಸರಿ. ಫ್ಯಾಬ್ರಿಕ್ ಕಂಡೀಷನರ್ ಮಾತ್ರ ಹಾಕಬೇಡಿ, ನೀರು ಹೀರುವುದು ಕಡಿಮೆಯಾಗುತ್ತದೆ.

ಇದರೊಳಗೆ ಮಾಯಮಂತ್ರ ಏನೂ ಇಲ್ಲ, ನೀರು ಆವಿಯಾಗುವಾಗ ಶಾಖ ಹೀರುತ್ತದೆ ಅಷ್ಟೆ. 1 ಲೀಟರಿಗೆ ಸುಮಾರು 580 ಕಿಲೊಕ್ಯಾಲೊರಿ. 65 ಕೆ.ಜಿ. ತೂಕದವರು ಒಂದು ಗಂಟೆ ಬಿರುಸಾಗಿ ನಡೆದರೆ ಮೈಯಲ್ಲಿ ಹುಟ್ಟುವ ಬಿಸಿ 250 ಕಿಲೊಕ್ಯಾಲೊರಿಯ ಆಸುಪಾಸು. ಟವೆಲ್ಲಿನ 100 ಎಂ.ಎಲ್. ನೀರು ಪೂರ್ತಿ ಆರಿದರೂ ಹೋಗುವುದು 58, ಅದರಲ್ಲೂ ಒಂದು ಪಾಲು ಸುತ್ತಲ ಗಾಳಿಯ ಬಿಸಿ, ಮೈಯದ್ದಲ್ಲ. ಹಾಗಾಗಿ ದೇಹದ ಉಷ್ಣ ಇಳಿಸುತ್ತದೆಂಬ ಜಾಹೀರಾತು ನಂಬಬೇಡಿ. ಕುತ್ತಿಗೆಗೆ ಹಾಯೆನಿಸುತ್ತದೆ, ಒಳಗಿನ ಉಷ್ಣ ಹೆಚ್ಚೇನೂ ಇಳಿಯುವುದಿಲ್ಲ. ಹಾಯೆನಿಸಿತೆಂದು ಅಮಾನಿಕೆರೆಗೆ ಇನ್ನೊಂದು ಸುತ್ತು ಹಾಕುವುದರಲ್ಲೇ ಅಪಾಯ ಇರುವುದು. ವಯಸ್ಸಾದಂತೆ ಬಾಯಾರಿಕೆಯೂ ತಡವಾಗಿ ತಿಳಿಯುತ್ತದೆ. ಬಿ.ಪಿ.ಗೆಂದು ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರು ಇನ್ನೂ ಹುಷಾರಾಗಿರಬೇಕು.

ವಯಸ್ಸಾದವರಲ್ಲಿ ಬೆವರು ಗ್ರಂಥಿಗಳ ಸಂಖ್ಯೆಗಿಂತ ಒಂದೊಂದು ಗ್ರಂಥಿ ಸುರಿಸುವ ಬೆವರೇ ಕಡಿಮೆಯಾಗುವುದು. ಚರ್ಮದ ರಕ್ತನಾಳಗಳೂ ಮೊದಲಿನಷ್ಟು ಹಿಗ್ಗುವುದಿಲ್ಲ. ಈ ಇಳಿಕೆ ಸಾಮಾನ್ಯವಾಗಿ ಕಾಲಿನಲ್ಲಿ ಮೊದಲು, ಹಣೆಯಲ್ಲಿ ಕೊನೆಗೆ. ಟವೆಲ್ ಸುತ್ತಿಕೊಳ್ಳುವುದು ಮಾತ್ರ ಕುತ್ತಿಗೆಗೆ! ವರ್ಷಗಟ್ಟಲೆ ಓಡಿ ಪಳಗಿದ ಮೈಗೆ ರಕ್ತದ ದ್ರವಾಂಶ ಹೆಚ್ಚು, ಬೆವರೂ ಬೇಗ ಶುರು. ಅಂಥವರು ಕೂತೇ ಇರುವ ಓರಗೆಯವರಿಗಿಂತ ಚೆನ್ನಾಗಿ ಬಿಸಿ ಹೊರಹಾಕುತ್ತಾರೆ, ಆದರೂ ತಮ್ಮಷ್ಟೇ ಪಳಗಿದ ಇಪ್ಪತ್ತೈದರ ಹುಡುಗರನ್ನು ಪೂರ್ತಿ ಸರಿಗಟ್ಟಲಾರರು. ಹೀಗೆ ಪಳಗಿದ ಹಿರಿಯರಿಗೆ ಈ ಟವೆಲ್ ಬರೀ ಶೋಕಿ. ಬೆವರೇ ಸಾಲದವರಿಗೆ ಮಾತ್ರ ಹೊರಗಿನ ನೀರು ಅಷ್ಟಿಷ್ಟು ಬೆವರಿನ ಕೆಲಸ ಮಾಡಿಕೊಡುತ್ತದೆ.

ನೆನೆಸಿ, ತೊಟ್ಟಿಕ್ಕದಷ್ಟು ಹಿಂಡಿ, ಒಂದೇ ಪದರವಾಗಿ ಹೊದೆಯಿರಿ. ಮಡಿಸಿ ದಪ್ಪ ಮಾಡಿದರೆ ಒಳಪದರ ಬೆಚ್ಚಗಾಗಿ ಕೂರುತ್ತದೆ. ಬೆಚ್ಚಗಾದಾಗಲೆಲ್ಲ ಬಿಚ್ಚಿ ಝಾಡಿಸಿ. ಅದರಲ್ಲೇ ತೋಳು, ಮೀನಖಂಡ ಒದ್ದೆ ಮಾಡಿಕೊಂಡರೆ ಹೆಚ್ಚು ಲಾಭ. ಏಪ್ರಿಲ್‌ನ ಒಣ ಗಾಳಿಗೆ ಚೆನ್ನಾಗಿ ಕೆಲಸ ಮಾಡುತ್ತದೆ, ಆಷಾಢದ ಮೋಡ ಕವಿದ ತೇವದ ಬೆಳಿಗ್ಗೆ ಬರೀ ಒದ್ದೆ ಬಟ್ಟೆ. ತಲೆ ಸುತ್ತಿದರೆ ನಡೆಯುವುದು ನಿಲ್ಲಿಸಿ ನೆರಳಿಗೆ ಹೋಗಿ. ಮಾತು ತೊದಲಿದರೆ, ಗಲಿಬಿಲಿಯಾದರೆ ಜೊತೆಯವರು ಮೈಗೆ ನೀರು ಸುರಿದು 108ಕ್ಕೆ ಫೋನ್ ಮಾಡಬೇಕು.

ಅಂದಹಾಗೆ, ಪಾವಗಡದ ಕಡಲೇಕಾಯಿ ಹೊಲದಲ್ಲಿ ತಲೆಗೆ ಸುತ್ತುವ ತೆಳು ಹತ್ತಿ ಟವಲ್ಲು ಒದ್ದೆ ಮಾಡಿದರೂ ಇದೇ ಕೆಲಸ ಆಗುತ್ತದೆ.