ಲಗ್ನಪತ್ರಿಕೆ ಅಂಗಡಿಯಲ್ಲಿ ಮಕ್ಕಳ ಕತೆ ಪುಸ್ತಕ ಮಾಡಿಸಿದೆ

ತುಮಕೂರಿನಲ್ಲಿ ಪುಸ್ತಕ ಮಾಡಿಸಬೇಕು ಅಂದರೆ ಸಾಕು, ಎಲ್ಲರೂ ಬೆಂಗಳೂರಿನ ಬಸ್ಸು ಹತ್ತಿಸುತ್ತಾರೆ. ಒಂದು ಒತ್ತಕ್ಷರ ತಪ್ಪಿದ್ದಕ್ಕೆ 70 ಕಿಲೋಮೀಟರ್ ಹೋಗಿ ಬರುವ ಉಸಾಬರಿ ಬೇಡ ಅನ್ನುವವರಿಗಾಗಿ ನಮ್ಮೂರಿನದೇ ಚಿಕ್ಕಪೇಟೆಯ ಈ ಡಿಟಿಪಿ (ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಪುಟ ಜೋಡಿಸುವ) ಅಂಗಡಿಯ ಬಗ್ಗೆ ಬರೆಯುತ್ತಿದ್ದೇನೆ. ಹೆಸರು ಹಾಕಬೇಡಿ ಅಂತ ಮಾಲೀಕರೇ ಕೈ ಮುಗಿದರು. "ಇರೋದು ನಾವಿಬ್ರೇ ಮೇಡಂ, ಮದುವೆ ಸೀಸನ್ನಲ್ಲಿ ಊಟಕ್ಕೆ ಏಳಕ್ಕೂ ಆಗಲ್ಲ." ಮೊದಲನೇ ಮಹಡಿ, ಕೆಳಗೆ ಪಾತ್ರೆ ಅಂಗಡಿ, ಮೆಟ್ಟಿಲ ಪಕ್ಕದ ಗೋಡೆ ತುಂಬ ಲಗ್ನಪತ್ರಿಕೆ ಸ್ಯಾಂಪಲ್ಲು. ಇಷ್ಟು ಗುರುತು ಸಾಕು.

ನಾನು ಎಲ್‌ಐಸಿ ಏಜೆಂಟ್. ಜನವರಿ ಬಂತೆಂದರೆ ಮನೆಗೆ ಡೈರಿ ಬರುತ್ತದೆ, ಒಂದೊಂದು ಡೈರಿಯಲ್ಲೂ ಒಂದೊಂದು ಕತೆ ಶುರುವಾಗುತ್ತದೆ. ಸಂಕ್ರಾಂತಿಯ ಎಳ್ಳು ಬೀರಿ ಮುಗಿಯುವಷ್ಟರಲ್ಲಿ ಅದು ನಿಂತು, ಮುಂದಿನ ಪುಟಕ್ಕೆ ಪ್ರೀಮಿಯಂ ತಾರೀಕು, ಹಾಲಿನ ಲೆಕ್ಕ ಬಂದು ಕೂರುತ್ತವೆ. ಆದರೆ ಒಂದು ಕತೆ ಮಾತ್ರ ವರ್ಷ ಬದಲಾದರೂ ಬಿಡದೆ ಹೊಸ ಡೈರಿಗೆ ಬರುತ್ತಿತ್ತು. ಅದು ತಲಪರಿಗೆಯ ಕತೆ. ಕೊರಟಗೆರೆ, ಮಧುಗಿರಿ, ಪಾವಗಡದ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ: ತಗ್ಗಿನ ಜಾಗದಲ್ಲಿ ಮರಳು ಕೆದರಿದರೆ ಕೈಗೆ ಸಿಗುವಷ್ಟು ಮೇಲೆ ನೀರಿನ ಸೆಲೆ, ಅದಕ್ಕೊಂದು ಗುಂಡಿ, ಅಲ್ಲಿಂದ ಹೊಲಕ್ಕೊಂದು ಕಾಲುವೆ. ಬೋರ್‌ವೆಲ್ ಬರುವ ಮುಂಚೆ ನಮ್ಮ ಬಯಲುಸೀಮೆಯ ಎಷ್ಟೋ ಊರಿಗೆ ಕುಡಿಯಲು ಅದೇ, ಬೆಳೆಗೂ ಅದೇ. ನನ್ನ ಕತೆಯಲ್ಲಿ ಒಬ್ಬ ಹುಡುಗಿ ಒಣಗಿದ ತಲಪರಿಗೆಯ ಹತ್ತಿರ ಕೂತು "ನೀರಿಗೆ ಬೀಗ ಹಾಕಿದ್ದು ಯಾರು?" ಅಂತ ಅಜ್ಜಿಯನ್ನು ಕೇಳುತ್ತಾಳೆ. ಶುರು ಇತ್ತು, ಕೊನೆಯೂ ಇತ್ತು.

ನಾನು ಹೋಗಿದ್ದು ಬರೀ ಟೈಪ್ ಮಾಡಿಸೋಕೆ. ಅರ್ಧ ಫೋನಿನಲ್ಲಿ, ಅರ್ಧ ಡೈರಿ ಹಾಳೆಯಲ್ಲಿ ಇತ್ತು. ಮಾಲೀಕರು ಅದನ್ನು ಓದಲೇ ಇಲ್ಲ. "ಎಷ್ಟು ಪುಟದ ಪುಸ್ತಕ?" ಅಂದರು. ಗೊತ್ತಿಲ್ಲ ಅಂದೆ. ಹನ್ನೆರಡು ಎ4 ಹಾಳೆ ಎಳೆದು, ಮಧ್ಯಕ್ಕೆ ಮಡಚಿ, ಬೆನ್ನಿಗೆ ಎರಡು ಪಿನ್ ಹೊಡೆದು, ಮೂಲೆಯಲ್ಲಿ 1ರಿಂದ 48ರವರೆಗೆ ಪೆನ್ಸಿಲ್ಲಿನಲ್ಲಿ ನಂಬರ್ ಹಾಕಿದರು. ಇದಕ್ಕೆ ಡಮ್ಮಿ ಅನ್ನುತ್ತಾರಂತೆ. ಮೊದಲ ಪುಟದಲ್ಲಿ ಕತೆಯ ಹೆಸರು, ಅದರ ಹಿಂದೆ ಪ್ರಕಾಶಕರು, ಬೆಲೆ, ಮುದ್ರಣದ ವಿವರ, ಆಮೇಲೆ ಅರ್ಪಣೆ, ಮುನ್ನುಡಿ. ಕತೆ 7ನೇ ಪುಟದಿಂದ. ಟೈಪ್ ಆದ ಮೇಲೆ ಪ್ರಿಂಟ್ ತೆಗೆದು, ಕತ್ತರಿಸಿ, ಗಮ್ಮು ಹಚ್ಚಿ ಅದರಲ್ಲೇ ಅಂಟಿಸಿದರು. ನನ್ನ ಶುರು 21ನೇ ಪುಟಕ್ಕೆ ಮುಗಿಯಿತು. ಕೊನೆಯನ್ನು 35ರಿಂದ ಅಂಟಿಸಿದರು. ನಡುವೆ ಬಿಳಿ ಹಾಳೆ.

"ಇಲ್ಲೇನ್ ಬರುತ್ತೆ ಮೇಡಂ?"

"ಊರೋರೆಲ್ಲ ಸೇರಿ ಹೂಳು ತೆಗೀತಾರೆ."

"ಅದು ಒಂದ್ ಸಾಲಾಯ್ತು. ಹದಿಮೂರು ಪುಟ ಇದಾವಲ್ಲ."

ಈ ಅಂಗಡಿಗೆ ಹೋಗಿ ಅಂತ ನಾನು ಹೇಳುವುದು ಈ ಒಂದು ಕಾರಣಕ್ಕೆ. ಡೈರಿಯಲ್ಲಿ ಇಷ್ಟು ವರ್ಷ ಆ ಒಂದು ಸಾಲು ನನಗೆ ಪೂರ್ತಿ ಕತೆಯ ಹಾಗೇ ಕಾಣುತ್ತಿತ್ತು. ಖಾಲಿ ಪುಟ ಕೈಯಲ್ಲಿ ಹಿಡಿದು ಮಗುಚಿದಾಗ, ಹೂಳು ತೆಗೆಯುವ ದಿನ ಏನೇನು ನಡೆಯುತ್ತದೆ ಅನ್ನುವುದೇ ಕತೆಯ ಹೊಟ್ಟೆ ಅಂತ ಗೊತ್ತಾಯಿತು. ಡಮ್ಮಿಯನ್ನು ಬ್ಯಾಗಿಗೆ ಹಾಕಿಕೊಂಡು ಚಿಕ್ಕಪ್ಪನ ಊರಿಗೆ ಹೋದೆ. ಅವರು ಹೇಳುತ್ತಾ ಹೋದರು: ಶಿವರಾತ್ರಿ ಕಳೆದ ಮೇಲೆ ಮನೆಗೊಂದಾಳು, ಸನಿಕೆ, ಮಂಕರಿ. ಮೊದಲು ಮೇಲಿನ ಕೊಳೆತ ಸೊಪ್ಪು, ಆಮೇಲೆ ಕರೀ ಹೂಳು. ಹೂಳು ಯಾರ ಹೊಲಕ್ಕೆ ಅಂತ ಅಲ್ಲೇ ಜಗಳ, ಅಲ್ಲೇ ರಾಜಿ. ಮರಳು ಸಿಕ್ಕಿದ ಮೇಲೆ ಸನಿಕೆ ಬಿಟ್ಟು ಕೈಯಲ್ಲೇ ಬಗೆಯಬೇಕು. ನೀರು ಮೊದಲು ಬೂದಿ ಬಣ್ಣಕ್ಕೆ ಬರುತ್ತದೆ, ಅದನ್ನು ಮೊಗೆದು ಚೆಲ್ಲುತ್ತಲೇ ಇರಬೇಕು, ತಿಳಿಯಾಗುವವರೆಗೂ ಯಾರೂ ಮನೆಗೆ ಹೋಗುವ ಹಾಗಿಲ್ಲ. ಹದಿಮೂರು ಪುಟ ಸಾಲದೆ ಕೊನೆಯ ಭಾಗವನ್ನು ಕತ್ತರಿಸಬೇಕಾಯಿತು. ಆ ಕೊನೆ ಹೇಗೂ ಬರೀ ಬುದ್ಧಿವಾದ, ಹೋಗಿದ್ದೇ ಒಳ್ಳೆಯದಾಯಿತು.

ಇನ್ನು ಟೈಪ್ ಮಾಡುವ ಅಕ್ಕ. ಮಾತು ಕಡಿಮೆ, ಕಣ್ಣು ಚುರುಕು. ಅಲ್ಲಿ ಕೆಲಸ ಈಗಲೂ ನುಡಿ ಫಾಂಟು ಹಾಕಿಕೊಂಡು, ಪುಟ ಜೋಡಿಸುವ ಹಳೇ ಸಾಫ್ಟ್‌ವೇರ್ ಆದ ಪೇಜ್‌ಮೇಕರ್‌ನಲ್ಲೇ ನಡೆಯುತ್ತದೆ. ಅದರ ಕೊನೆಯ ಆವೃತ್ತಿ ಬಂದಿದ್ದು 2001ರಲ್ಲಿ! ನಾವು ಫೋನಿನಲ್ಲಿ ಬರೆಯುವುದು ಯೂನಿಕೋಡ್ ಅನ್ನುವ ಬೇರೆ ಸಂಕೇತದಲ್ಲಿ, ಅದನ್ನು ನೇರವಾಗಿ ಅದರೊಳಗೆ ಹಾಕಿದರೆ ಕನ್ನಡ ಕನ್ನಡವಾಗಿ ಉಳಿಯುವುದಿಲ್ಲ, ಪರಿವರ್ತಕದಲ್ಲಿ ಹಾಯಿಸಬೇಕು. ಹಾಯಿಸಿದಾಗ ನನ್ನ 'ಪಂಪ್‌ಸೆಟ್' ಹೋಗಿ 'ಪಂಪ್ಸೆಟ್' ಆಗಿ, ಸಕಾರ ಪಕಾರದ ಕಾಲಡಿ ಸೇರಿಕೊಂಡಿತ್ತು. ಕರಡು ಪ್ರತಿಯಲ್ಲಿ ನನ್ನ ಕಣ್ಣಿಗೆ ಬಿದ್ದಿರಲಿಲ್ಲ, ಅಕ್ಕ ಹಿಡಿದರು. ಆಮೇಲೆ ಇಡೀ ಕತೆಯನ್ನು ಮೆಲ್ಲಗೆ ಬಾಯಿಬಿಟ್ಟು ಓದಿದರು. ಅಜ್ಜಿಯ ಮಾತು ಬಂದಾಗ ನಿಲ್ಲಿಸಿ, "ಅಜ್ಜೀರು 'ಆದ್ದರಿಂದ' ಅಂತಾರಾ?" ಅಂದರು. ಅಜ್ಜಿಯ ಬಾಯಿಂದ 'ಆದ್ದರಿಂದ' ತೆಗೆದೆ. ಪುಟಕ್ಕೆ ಮೂವತ್ತು ರೂಪಾಯಿ ತೆಗೆದುಕೊಳ್ಳುತ್ತಾರೆ, ಇಂಥ ಓದಿಗೆ ಅದು ಏನೇನೂ ಅಲ್ಲ.

ಅಚ್ಚು ಅಲ್ಲೇ ಆಗುವುದಿಲ್ಲ, ಪರಿಚಯದ ಪ್ರೆಸ್ಸಿಗೆ ಕಳಿಸುತ್ತಾರೆ. ಡೆಮಿ 1/8 ಅಳತೆ, ಅಂದರೆ ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಉದ್ದ. 16 ಪುಟಕ್ಕೆ ಒಂದು ಫಾರಂ, ನನ್ನದು ಮೂರು ಫಾರಂ. ಮೂರೇ ಫಾರಮ್ಮಿಗೆ ಬೆನ್ನಿಗೆ ಗಮ್ಮು ಹಾಕುವ ಪರ್ಫೆಕ್ಟ್ ಬೈಂಡಿಂಗ್ ಬೇಡ, ಬೆನ್ನು ನಿಲ್ಲಲ್ಲ, ಸೆಂಟರ್ ಪಿನ್ ಸಾಕು ಅಂದರು. ದುಡ್ಡು ಬರುವ ಕೆಲಸವನ್ನು ಬೇಡ ಅನ್ನುವವರು ನನ್ನ ಕಸುಬಿನಲ್ಲಂತೂ ಅಪರೂಪ. ಕಾಗದ ಮಾತ್ರ ಹಟ ಮಾಡಿ ಬದಲಾಯಿಸಿದೆ. 70 ಜಿಎಸ್‌ಎಂ (ಕಾಗದದ ತೂಕದ ಅಳತೆ) ಮ್ಯಾಪ್ಲಿಥೋದಲ್ಲಿ ಹಿಂದಿನ ಪುಟದ ಚಿತ್ರ ಮುಂದೆ ಕಾಣುತ್ತಿತ್ತು, 80 ಹಾಕಿಸಿದೆ. ಎಷ್ಟು ಪ್ರತಿ ಅನ್ನುವುದಕ್ಕೆ ಅವರ ಮಾತೇ ಲೆಕ್ಕ: "ಪ್ಲೇಟ್ ಖರ್ಚು ಐವತ್ತಕ್ಕೂ ಅಷ್ಟೇ, ಐನೂರಕ್ಕೂ ಅಷ್ಟೇ." ಹಾಗಾಗಿ ಐವತ್ತು ಪ್ರತಿ ಸಾಕು ಅನ್ನುವವರು ಅಚ್ಚಿನ ಪ್ಲೇಟೇ ಬೇಡದ ಡಿಜಿಟಲ್ ಪ್ರಿಂಟಿಗೇ ಹೋಗಿ.

ಬೈಯುವುದೂ ಇದೆ. ಚಿತ್ರಕ್ಕೆ ಅವರ ಕಂಪ್ಯೂಟರಿನಲ್ಲಿರುವುದನ್ನು ಹಾಕುತ್ತಾರೆ. ನನ್ನ ತಲಪರಿಗೆಗೆ ಹೆಂಚಿನ ಸೂರು, ರಾಟೆ, ಬಕೆಟ್ಟು ಇರುವ ಯಾವುದೋ ದೇಶದ ಬಾವಿ ತಂದಿಟ್ಟಿದ್ದರು, ಪಕ್ಕದಲ್ಲಿ ಟೋಪಿ ಹಾಕಿದ ಹುಡುಗ! ನನ್ನ ಅಕ್ಕನ ಮಗಳ ಕೈಯಲ್ಲಿ ಕರೀ ಪೆನ್ನಿನಲ್ಲಿ ಬರೆಸಿ ಸ್ಕ್ಯಾನ್ ಮಾಡಿಸಿದೆ. ನೀವೂ ಚಿತ್ರ ನೀವೇ ತನ್ನಿ. ಖರ್ಚಿನ ಅಂದಾಜನ್ನು ಬಾಯಲ್ಲಿ ಹೇಳುತ್ತಾರೆ, ಒಂದು ಚೀಟಿಯಲ್ಲಾದರೂ ಬರೆಸಿಕೊಳ್ಳಿ. ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಕೇಳಿದರೆ "ಅದೆಲ್ಲ ನಮ್ ಕೈಲಾಗಲ್ಲ" ಅಂತ ಕೈ ಆಡಿಸುತ್ತಾರೆ. ಅದಕ್ಕೆ ಕೇಂದ್ರ ಸರ್ಕಾರದ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಇದೆ, ಆನ್‌ಲೈನಿನಲ್ಲಿ ಅರ್ಜಿ ಹಾಕಬಹುದು, ಶುಲ್ಕವಿಲ್ಲ. ದುಡ್ಡು ಕೊಡಿ ಮಾಡಿಸಿಕೊಡುತ್ತೇವೆ ಅನ್ನುವ ಮಧ್ಯವರ್ತಿಗಳ ಸಹವಾಸ ಬೇಡ.

ಹೇಳಿದ ದಿನಕ್ಕೆ ಕೊಡುತ್ತಾರಾ? ಇಲ್ಲ. ಲಗ್ನಪತ್ರಿಕೆ ಬಂದರೆ ನಿಮ್ಮ ಪುಸ್ತಕ ಬದಿಗೆ, ಮುಹೂರ್ತ ಯಾರಿಗೂ ಕಾಯುವುದಿಲ್ಲವಲ್ಲ. ಆಷಾಢದಲ್ಲಿ ಹೋಗಿ. ಮದುವೆ ಇರುವುದಿಲ್ಲ, ಅಕ್ಕ ನಿಧಾನಕ್ಕೆ ಓದುತ್ತಾರೆ, ಮಾಲೀಕರು ಡಮ್ಮಿ ಕಟ್ಟುತ್ತಾ ಟೀ ತರಿಸುತ್ತಾರೆ. ಆಷಾಢ ತಪ್ಪಿದರೆ ಧನುರ್ಮಾಸ. ಗಾಡಿಯನ್ನು ದೂರದಲ್ಲೇ ಬಿಟ್ಟು ನಡೆದು ಬನ್ನಿ, ಪಾತ್ರೆ ಅಂಗಡಿಯವರು ಮುಂದೆ ನಿಲ್ಲಿಸೋಕೆ ಬಿಡಲ್ಲ.