ಥಿಂಕ್‌ಫ್ಯಾನ್ ಎರಡು ವರ್ಷ ಬಳಸಿದ್ಮೇಲೆ: ಬೆಂಗಳೂರಲ್ಲಿ ಸುಮ್ನಿದ್ದ ಫ್ಯಾನು ಬಳ್ಳಾರೀಲಿ ಮಿಕ್ಸಿ ಆಯ್ತು

ಬೆಂಗಳೂರಿನ ಎಸ್.ಪಿ. ರೋಡಲ್ಲಿ ಸೆಕೆಂಡ್ ಹ್ಯಾಂಡ್ ಥಿಂಕ್‌ಪ್ಯಾಡ್ ಟಿ480 ಲ್ಯಾಪ್‌ಟಾಪ್ ತಗೊಂಡು, ವಿಂಡೋಸ್ ತೆಗೆದು ಡೆಬಿಯನ್ 12 ಅನ್ನೋ ಲಿನಕ್ಸ್ ಹಾಕಿ ಎರಡು ವರ್ಷದ ಮೇಲಾಯ್ತು. ಆಟೋ ಮೋಡಲ್ಲಿ ಫ್ಯಾನ್ ತಪ್ಪೇನೂ ಮಾಡ್ತಿರ್ಲಿಲ್ಲ ನಿಜ ಹೇಳ್ಬೇಕಂದ್ರೆ, ರಾತ್ರಿ ಎಲ್ರೂ ಮಲಗಿದ್ಮೇಲೆ ಆ ಸಣ್ಣ ಗುಂಯ್ ಅನ್ನೋದೇ ನಂಗೆ ಆಗ್ತಿರ್ಲಿಲ್ಲ ಅಷ್ಟೇ. ಅದಕ್ಕೇ ಥಿಂಕ್‌ಫ್ಯಾನ್ ಹಾಕ್ಕೊಂಡೆ, ಎಷ್ಟು ಬಿಸಿಗೆ ಫ್ಯಾನ್ ಎಷ್ಟು ಜೋರಾಗಿ ತಿರುಗ್ಬೇಕು ಅಂತ ನಾವೇ ಹೇಳೋಕೆ ಬಿಡೋ ಲಿನಕ್ಸ್ ಸಾಫ್ಟ್‌ವೇರ್ ಅದು.

ಮೊದಲು ಒಂದು ವಿಷ್ಯ. ತುಂಬಾ ಜನ ಟಿಎಲ್‌ಪಿ ಅನ್ನೋ ಸಾಫ್ಟ್‌ವೇರ್ ಹಾಕಿದ್ರೆ ಫ್ಯಾನ್ ಕಂಟ್ರೋಲ್ ಆಗುತ್ತೆ ಅನ್ಕೋತಾರೆ, ನಾನೂ ಅನ್ಕೊಂಡಿದ್ದೆ. ಅದು ಪವರ್ ಉಳಿಸುತ್ತೆ, ಟರ್ಬೋ (ಪ್ರೊಸೆಸರ್ ಆಗಾಗ ಜಾಸ್ತಿ ವೇಗಕ್ಕೆ ಏರೋದು) ಆಫ್ ಮಾಡಿದ್ರೆ ಬಿಸಿ ಕಮ್ಮಿ ಆಗಿ ಫ್ಯಾನ್ ಸದ್ದೂ ಕಮ್ಮಿ ಆಗುತ್ತೆ, ಆದ್ರೆ ಫ್ಯಾನನ್ನ ಅದು ಮುಟ್ಟೋದೇ ಇಲ್ಲ. ಲ್ಯಾಪ್‌ಟಾಪ್ ಫ್ಯಾನು ಎಂಬೆಡೆಡ್ ಕಂಟ್ರೋಲರ್ ಅನ್ನೋ ಪುಟ್ಟ ಚಿಪ್ ಕೈಯಲ್ಲಿರೋದು, ಅದು ಬಾಗಿಲು ತೆಗೆದ್ರೆ ಮಾತ್ರ ಲಿನಕ್ಸ್‌ಗೆ ಒಳಗೆ ಪ್ರವೇಶ. ಥಿಂಕ್‌ಪ್ಯಾಡಲ್ಲಿ ಆ ಬಾಗಿಲಿದೆ, ಲಿನಕ್ಸ್‌ನ ತಿರುಳಾದ ಕರ್ನೆಲ್ ಜೊತೆಗೇ ಅದರ ಮಾಡ್ಯೂಲ್ (ಡ್ರೈವರ್) ಬರುತ್ತೆ. ಅದು ತೋರಿಸೋ ಫ್ಯಾನ್ ಫೈಲು ಇವತ್ತಿಗೂ ಐಬಿಎಂ ಅನ್ನೋ ಫೋಲ್ಡರ್ ಒಳಗೇ ಇದೆ, ಐಬಿಎಂನೋರು ಪಿಸಿ ಬಿಸಿನೆಸ್ಸನ್ನ ಲೆನೊವೊಗೆ ಮಾರಿದ್ದು 2005ರಲ್ಲಿ ಆದ್ರೂ ಹೆಸರು ಮಾತ್ರ ಹೋಗಿಲ್ಲ. ನನ್ ಫ್ರೆಂಡ್ ಹತ್ರ ಬೇರೆ ಕಂಪನಿ ಲ್ಯಾಪ್‌ಟಾಪಿದೆ, ಅದರಲ್ಲಿ ಪಿಡಬ್ಲ್ಯೂಎಂ ಸೆನ್ಸರ್ ಒಂದೂ ಇಲ್ಲ, ಅಂದ್ರೆ ಫ್ಯಾನ್ ವೇಗ ಬದಲಾಯಿಸೋ ದಾರಿನೇ ಕಾಣ್ತಿಲ್ಲ ಅಂತ ಮೆಸೇಜ್ ಬಂದು ಕತೆ ಅಲ್ಲೇ ಮುಗೀತು.

ಇನ್‌ಸ್ಟಾಲ್ ಮಾಡಿದ ದಿನ ನಾನು ಒಂದ್ ಸಂಜೆ ಪೂರ್ತಿ ಹಾಳು ಮಾಡ್ಕೊಂಡೆ. ವೇಗದ ಲೆವೆಲ್ ಎಷ್ಟು ಬರೆದ್ರೂ ಫ್ಯಾನ್ ಕೇಳ್ತಾನೇ ಇಲ್ಲ. ಆಮೇಲೆ ಗೊತ್ತಾಯ್ತು ಆ ಮಾಡ್ಯೂಲ್‌ಗೆ ಫ್ಯಾನ್ ಕಂಟ್ರೋಲ್ 1 ಅಂತ ಮೊದ್ಲೇ ಆಪ್ಷನ್ ಕೊಡ್ಬೇಕು ಅಂತ, ಸುರಕ್ಷತೆಗೋಸ್ಕರ ಅದು ಆಫ್ ಆಗೇ ಬರೋದು. ಅದಾದ್ಮೇಲೆ ಸೆಟ್ಟಿಂಗ್ಸ್ ಬರೆಯೋ ಕಾನ್ಫಿಗ್ ಫೈಲು ಯಾಮಲ್ ಅನ್ನೋ ಫಾರ್ಮ್ಯಾಟಲ್ಲಿದೆ, ಒಂದ್ ಟ್ಯಾಬ್ ಒತ್ತಿದ್ದಕ್ಕೆ ಸರ್ವೀಸೇ ಶುರು ಆಗಲಿಲ್ಲ, ಸ್ಪೇಸೇ ಹಾಕ್ಬೇಕಂತೆ. ಅದೂ ಸರಿ ಹೋಯ್ತು ಅನ್ನೋಷ್ಟರಲ್ಲಿ ರೀಬೂಟ್ ಮಾಡಿದ್ರೆ ಸೆನ್ಸರ್ ಸಿಗ್ತಿಲ್ಲ ಅಂತು, ಯಾಕಂದ್ರೆ ಲಿನಕ್ಸ್ ಸೆನ್ಸರ್‌ಗಳಿಗೆ ಕೊಡೋ ಹೆಚ್‌ಡಬ್ಲ್ಯೂಮಾನ್ ನಂಬರು ಬೂಟಿಂದ ಬೂಟಿಗೆ ಬದಲಾಗುತ್ತೆ, ನಿನ್ನೆ 3 ಇದ್ದಿದ್ದು ಇವತ್ತು 5. ನಂಬರ್ ಬಿಟ್ಟು ಕೋರ್‌ಟೆಂಪ್ ಅಂತ ಪ್ರೊಸೆಸರ್ ಬಿಸಿ ಅಳೆಯೋ ಸೆನ್ಸರ್ ಹೆಸರೇ ಕೊಟ್ಟೆ, ಅವತ್ತಿಂದ ಆ ತಲೆನೋವಿಲ್ಲ.

ಬೆಂಗಳೂರಲ್ಲಿ ಒಂದ್ ವರ್ಷ ಆರಾಮಾಗಿತ್ತು. 50 ಡಿಗ್ರಿವರೆಗೂ ಲೆವೆಲ್ 0, ಅಂದ್ರೆ ಫ್ಯಾನ್ ಪೂರ್ತಿ ಆಫ್. ಬರೆಯೋದು, ಓದೋದು ಅಷ್ಟೇ ಇದ್ರೆ 42ರ ಹತ್ರ ನಿಲ್ತಿತ್ತು, ಸದ್ದೇ ಇಲ್ಲ.

ಆಮೇಲೆ ವರ್ಕ್ ಫ್ರಮ್ ಹೋಮ್ ಅಂತ ಊರಿಗೆ ಬಂದೆ. ಬಳ್ಳಾರಿ, ಏಪ್ರಿಲ್. ಹೊರಗೆ 40 ದಾಟಿರುತ್ತೆ, ರೂಮೊಳಗೆ ಸೀಲಿಂಗ್ ಫ್ಯಾನ್ ತಿರುಗೋದೂ ಬಿಸಿಗಾಳಿನೇ. ಲ್ಯಾಪ್‌ಟಾಪ್ ಏನೂ ಮಾಡದೆ ಸುಮ್ನೆ ಕೂತ್ರೂ 54. ನನ್ ಕಾನ್ಫಿಗ್ ಪ್ರಕಾರ ಫ್ಯಾನ್ ಆನ್ ಆಗ್ಲೇಬೇಕು, ಆನ್ ಆಗಿ 49ಕ್ಕೆ ಇಳಿದ್ರೆ ಆಫು, ಮತ್ತೆ ಆನು. ನಿಮಿಷಕ್ಕೊಂದ್ ಸಲ ಗುಂಯ್, ಸುಮ್ನೆ, ಗುಂಯ್. ಅಮ್ಮ ಅಡುಗೆಮನೆಯಿಂದ್ಲೇ "ಏನಪ್ಪಾ ಅದು, ಮಿಕ್ಸಿ ಇಟ್ಕೊಂಡು ಕೂತಿದ್ಯಾ?" ಅಂದ್ರು. ತಪ್ಪು ನಂದೇ, ಒಂದ್ ಲೆವೆಲ್ ಮುಗಿಯೋ ಡಿಗ್ರಿಗೂ ಮುಂದಿನದು ಶುರು ಆಗೋ ಡಿಗ್ರಿಗೂ ಮಧ್ಯೆ ಅಗಲವಾದ ಓವರ್‌ಲ್ಯಾಪ್ ಬಿಡ್ಬೇಕು, ನಾನು ಒಂದೇ ಡಿಗ್ರಿ ಬಿಟ್ಟಿದ್ದೆ. ಈಗ ಲೆವೆಲ್ 0 ಇರೋದು 62ರವರೆಗೆ, ಲೆವೆಲ್ 1ರಿಂದ ವಾಪಸ್ ಬರೋದು 53ಕ್ಕೆ ಇಳಿದ್ಮೇಲೆ. 9 ಡಿಗ್ರಿ ಗ್ಯಾಪು. ಸದ್ದು ಅರ್ಧಕ್ಕರ್ಧ ನಿಂತೋಯ್ತು.

ಪೂರ್ತಿ ನಿಲ್ಲಲಿಲ್ಲ ಯಾಕಂದ್ರೆ ಎರಡನೇ ವರ್ಷ ಅದೇ ಕಾನ್ಫಿಗಲ್ಲಿ ಲೆವೆಲ್ 5ರ ಕೆಳಗೆ ಇಳೀತಾನೇ ಇರ್ಲಿಲ್ಲ. ಕರ್ನೆಲ್ ಅಪ್‌ಡೇಟನ್ನ ಬೈದೆ, ಹಳೇ ಕರ್ನೆಲಲ್ಲಿ ಬೂಟ್ ಮಾಡ್ದೆ, ಥಿಂಕ್‌ಫ್ಯಾನ್ ತೆಗೆದು ಮತ್ತೆ ಹಾಕ್ದೆ, ಹೆಚ್‌ಟಾಪ್ ಅನ್ನೋ ಟೂಲಲ್ಲಿ ನೋಡಿದ್ರೆ ಸಿಪಿಯು ಖಾಲಿ ಕೂತಿದೆ. ಕೊನೆಗೆ ಬಯೋಸಲ್ಲಿ ಒಳಗಿನ ಬ್ಯಾಟರಿ ಡಿಸೇಬಲ್ ಮಾಡಿ, ಹೊರಗಿನದು ಕಿತ್ತಿಟ್ಟು (ಟಿ480ಗೆ ಎರಡು ಬ್ಯಾಟರಿ, ಮರೀಬೇಡಿ) ಕೆಳಗಿನ ಕವರ್ ತೆಗೆದೆ ನೋಡಿ, ಗಾಳಿ ಹೋಗೋ ತಾಮ್ರದ ಪಟ್ಟಿಗಳ ಮೇಲೆ ಕೆಂಪು ಧೂಳು ಕಂಬಳಿ ಥರ ಕೂತಿದೆ. ಬಳ್ಳಾರಿ ಧೂಳು ಕಣ್ರೀ, ಇನ್ನೇನ್ ಹೇಳ್ಲಿ. ರೆಕ್ಕೆ ತಿರುಗದ ಹಾಗೆ ಟೂತ್‌ಪಿಕ್ ಇಟ್ಟು ಬ್ಲೋವರ್ ಹೊಡೆದೆ, ಒಣಗಿ ಬಿರುಕು ಬಿಟ್ಟಿದ್ದ ಥರ್ಮಲ್ ಪೇಸ್ಟ್ (ಪ್ರೊಸೆಸರ್ ಬಿಸೀನ ತಾಮ್ರಕ್ಕೆ ದಾಟಿಸೋದು) ಒರೆಸಿ ಹೊಸದು ಹಚ್ಚಿದೆ. ಬ್ರೌಸರಲ್ಲಿ ವಿಡಿಯೋ ಕಾಲ್ ಇರುವಾಗ 84 ಇದ್ದಿದ್ದು 69ಕ್ಕೆ ಬಂತು. ಅಷ್ಟು ದಿನ ಸಾಫ್ಟ್‌ವೇರನ್ನ ಬೈದಿದ್ದು ದಂಡ. ಪಾಪ ಅದು ಲೆವೆಲ್ 5 ಅಂತ ದಿನಾ ಬಾಯಿ ಬಡ್ಕೊಂಡು ಹೇಳ್ತಾನೇ ಇತ್ತು, ನಾನೇ ಕಿವಿಗೆ ಹಾಕ್ಕೊಂಡಿರ್ಲಿಲ್ಲ.

ನಂಗೆ ಇದರಲ್ಲಿ ಜಾಸ್ತಿ ಇಷ್ಟ ಆಗಿದ್ದು ಅಂದ್ರೆ ವಾಚ್‌ಡಾಗ್. ಥಿಂಕ್‌ಫ್ಯಾನ್ ಮಧ್ಯದಲ್ಲಿ ಸತ್ತೋದ್ರೆ 120 ಸೆಕೆಂಡಲ್ಲಿ ಕರ್ನೆಲ್ಲೇ ಫ್ಯಾನನ್ನ ವಾಪಸ್ ಚಿಪ್ ಕೈಗೆ ಒಪ್ಪಿಸುತ್ತೆ, ಸುಟ್ಟೋಗುತ್ತೆ ಅನ್ನೋ ಭಯ ಇಲ್ಲ. ಇಷ್ಟ ಆಗದೇ ಇರೋದು ಅಂದ್ರೆ ಮೌಸಲ್ಲಿ ಕ್ಲಿಕ್ ಮಾಡೋಕೆ ಏನೂ ಇಲ್ಲ, ಎಲ್ಲಾ ಫೈಲಲ್ಲೇ ಬರೀಬೇಕು, ಟರ್ಮಿನಲ್ ಕಂಡ್ರೆ ಆಗದವ್ರಿಗೆ ಕಷ್ಟ. ಐದಕ್ಕೆ ನಾಲ್ಕು ಕೊಡ್ತೀನಿ.

ಈಗ ಎರಡು ಕಾನ್ಫಿಗ್ ಇಟ್ಕೊಂಡಿದೀನಿ, ಯುಗಾದಿ ಹೊತ್ತಿಗೆ ಬೇಸಿಗೇದು ಹಾಕ್ತೀನಿ, ಮಳೆ ಹಿಡಿದ್ಮೇಲೆ ಹಳೇದು. ಟೂತ್‌ಪಿಕ್ ಲ್ಯಾಪ್‌ಟಾಪ್ ಬ್ಯಾಗಲ್ಲೇ ಇದೆ.